ಮಾಲೆಗಾರ ಮನೆತನಗಳು ಮತ್ತು ಬಸದಿಯ ಪುಷ್ಪಸೇವೆ

ನೂತನ ಜಿನಬಿಂಬದ ಪ್ರತಿಷ್ಠೆ ನೆರವೇರುವ ಶುಭಸಂದರ್ಭದಲ್ಲಿ ಬಿಂಬವನ್ನು ಕಡೆದ ಶಿಲ್ಪಿಯನ್ನೂ, ಧನವನ್ನಿತ್ತ ಶ್ರಾವಕರನ್ನೂ, ವಿಧಿಗಳನ್ನು ನಡೆಸಿದ ಪ್ರತಿಷ್ಠಾಚಾರ್ಯರನ್ನೂ ಸಮಾಜವು ಗೌರವದಿಂದ ಸ್ಮರಿಸುತ್ತದೆ. ಇದು ಉಚಿತವೇ ಸರಿ. ಆದರೆ ಉತ್ಸವದ ಚಪ್ಪರವನ್ನು ಇಳಿಸಿದ ಮರುದಿನದಿಂದ ಮೊದಲ್ಗೊಂಡು, ಮಳೆಯೆನ್ನದೆ ಚಳಿಯೆನ್ನದೆ ಪ್ರತಿದಿನದ ಪೂಜೆಗೆ ಹೂವಿನ ಬುಟ್ಟಿಯನ್ನು ತಂದಿರಿಸುವ ಮಾಲೆಗಾರನ ಹೆಸರು ಫಲಕಗಳಲ್ಲಿ ಕಾಣಸಿಗುವುದು ವಿರಳ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹೂವಿನಂಗಡಿಗಳ ಹಿಂದೆ ನಿಂತಿರುವ ಈ ಮನೆತನಗಳ ಪರಂಪರೆಯು ಬಸದಿಗಳ ಇತಿಹಾಸದ ಒಂದು ಅಂಗವೇ ಆಗಿರುವುದರಿಂದ, ಅದನ್ನು ಇಲ್ಲಿ ಅವಲೋಕಿಸುವುದು ಅಪ್ರಸ್ತುತವಾಗಲಾರದು.

ಅಷ್ಟವಿಧಾರ್ಚನೆಯಲ್ಲಿ ಜಲ, ಗಂಧ, ಅಕ್ಷತೆಗಳ ಬಳಿಕ ನಾಲ್ಕನೆಯದಾಗಿ ಬರುವುದು ಪುಷ್ಪ. ಕಾಮವಿಕಾರವನ್ನು ಗೆಲ್ಲುವ ಭಾವನೆಯಿಂದ ಅದನ್ನು ಜಿನಚರಣಗಳಲ್ಲಿ ಅರ್ಪಿಸುವುದು ವಾಡಿಕೆ. ಉತ್ತರ ಭಾರತದ ದಿಗಂಬರರಲ್ಲಿ 17ನೆಯ ಶತಮಾನದಿಂದ ಪ್ರಬಲವಾದ ತೇರಾಪಂಥವು ಸಚಿತ್ತ ಪುಷ್ಪಗಳನ್ನು ವರ್ಜಿಸಿ, ಬಣ್ಣಗಟ್ಟಿದ ಅಕ್ಷತೆಯನ್ನೇ ಪುಷ್ಪಸ್ಥಾನದಲ್ಲಿ ಸಮರ್ಪಿಸುತ್ತದೆ. ಭಟ್ಟಾರಕ ಪೀಠಗಳ ಮಾರ್ಗದರ್ಶನದಲ್ಲಿ ನಡೆದುಬಂದ ದಕ್ಷಿಣದ ಬಸದಿಗಳಾದರೋ ತಾಜಾ ಹೂವಿನ ಪೂಜೆಯನ್ನು ಉಳಿಸಿಕೊಂಡಿವೆ. ಕನ್ನಡನಾಡಿನಲ್ಲಿ ಮಾಲೆಗಾರನಿಗೂ ಬಸದಿಗೂ ನಡುವಣ ಸಂಬಂಧವು ಕಡಿದುಹೋಗದೆ ಉಳಿದುದಕ್ಕೆ ಇದೇ ಕಾರಣ.

ಈ ಸೇವೆಯ ಹಿರಿಮೆಯನ್ನು ಶಾಸ್ತ್ರಕಾರರೂ ಮನಗಂಡಿದ್ದರು. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಅರ್ಹತ್ಪೂಜೆಯ ಫಲಕ್ಕೆ ನಿದರ್ಶನವಾಗಿ ಹೆಸರಿಸಿದುದು ಚಕ್ರವರ್ತಿಯನ್ನಲ್ಲ. ರಾಜಗೃಹದಲ್ಲಿ ಒಂದೇ ಒಂದು ಹೂವನ್ನು ಹಿಡಿದು ಹೊರಟ ಕಪ್ಪೆಯನ್ನು. ಪುಣ್ಯಾಸ್ರವ ಕಥಾಪರಂಪರೆಯಲ್ಲಂತೂ ಮಾಲೆಗಾರನ ಇಬ್ಬರು ಹೆಣ್ಣುಮಕ್ಕಳ ವೃತ್ತಾಂತವೇ ಬಂದಿದೆ. ದಿನಕ್ಕೊಂದು ಹೂವನ್ನು ಜಿನಾಲಯದ ಹೊಸ್ತಿಲಿನ ಮೇಲೆ ಇರಿಸಿಹೋಗುತ್ತಿದ್ದ ಆ ಬಾಲಿಕೆಯರು ದೇವಗತಿಯನ್ನು ಪಡೆದರೆಂಬುದು ಕಥೆಯ ಸಾರ. ಒಳಗಿನ ಪೂಜೆಗೆ ಹೊಸ್ತಿಲಿನ ಸೇವೆಯು ಕಡಿಮೆಯಲ್ಲವೆಂಬ ಅಭಿಪ್ರಾಯ ಇಲ್ಲಿ ಸ್ಪಷ್ಟವಾಗಿದೆ.

ತುಮಕೂರು ಸೀಮೆಯಲ್ಲಿ ಜಿನಧರ್ಮದ ನೆಲೆ ಪ್ರಾಚೀನವಾದುದು. ಪಂಡಿತನಹಳ್ಳಿಯ ಬಳಿಯ ಮಂದರಗಿರಿಯು ಬಸದಿಬೆಟ್ಟವೆಂದೇ ಜನಜನಿತವಾಗಿದ್ದು, ಅದರ ನೆತ್ತಿಯ ಮೇಲೆ ಬಸದಿಗಳ ಸಮುಚ್ಚಯವಿದೆ. ಬೆಟ್ಟದ ಬುಡದಲ್ಲಿ ಪಿಂಛಿಯ ಆಕಾರದ, 81 ಅಡಿ ಎತ್ತರದ ಗುರುಮಂದಿರವು ಈಚಿನ ವರ್ಷಗಳಲ್ಲಿ ನಿರ್ಮಿತವಾಗಿದೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿದೆ. ತುಮಕೂರಿಗೆ ಸಮೀಪದ ಕೈದಾಳದಲ್ಲಿ ಆಳಿದ ಸಾಮಂತ ಬಾಚಿಯು ಮಾಹೇಶ್ವರ, ಬೌದ್ಧ, ವೈಷ್ಣವ, ಆರ್ಹತವೆಂಬ ನಾಲ್ಕು ಸಮಯಗಳನ್ನೂ ಪೋಷಿಸಿದವನೆಂದು 1150ರ ಸುಮಾರಿನ ಅಲ್ಲಿಯ ಶಾಸನವು ಕೊಂಡಾಡಿದೆ. ಶಿವಾಲಯ, ವಿಷ್ಣ್ವಾಲಯ, ಜಿನಾಲಯಗಳು ಒಂದೇ ಸೀಮೆಯಲ್ಲಿ ನೆಲೆಗೊಂಡಿದ್ದಲ್ಲಿ ಹೂವು ಕಟ್ಟುವವನು ಒಂದೇ ಗುಡಿಯ ಸೇವಕನಾಗಿ ಉಳಿಯುವುದು ಅಸಂಭವ. ಮಾಲೆಗಾರನ ಬುಟ್ಟಿಗೆ ಆಗಲೂ ಸಮಯಭೇದವಿರಲಾರದು.

ಈ ವೃತ್ತಿಯ ಖಚಿತವಾದ ಲಿಖಿತ ಸಾಕ್ಷ್ಯವನ್ನು ಅರಸಬೇಕಾದರೆ, ಕುಣಿಗಲ್ಲಿನಿಂದ ಪಶ್ಚಿಮಕ್ಕೆ ಯಾತ್ರಿಕರು ಹಿಡಿಯುವ ದಾರಿಯಲ್ಲಿ ಶ್ರವಣಬೆಳಗೊಳಕ್ಕೆ ಹೋಗಬೇಕು. ಗೊಮ್ಮಟೇಶ್ವರನ ಸುತ್ತಾಲಯದಲ್ಲಿಯೂ ಅದರ ಆಸುಪಾಸಿನಲ್ಲಿಯೂ 12-13ನೆಯ ಶತಮಾನಗಳ ಹಲವು ದತ್ತಿಶಾಸನಗಳಿವೆ. ಕೆಲವು ನಿತ್ಯಾಭಿಷೇಕದ ಹಾಲಿಗಾಗಿ ಇಟ್ಟ ಹಣವನ್ನು ಹೇಳುತ್ತವೆ. ಮೊಸಳೆಯ ಬಸವಿಸೆಟ್ಟಿಯು ಮಾಡಿಸಿದ ಚತುರ್ವಿಂಶತಿ ತೀರ್ಥಂಕರರ ಅಷ್ಟವಿಧಾರ್ಚನೆಗೆ ಆ ಊರಿನ ವರ್ತಕರು ವರ್ಷಂಪ್ರತಿ ಕಾಣಿಕೆ ಕೊಡುವುದಾಗಿ ಒಪ್ಪಿದುದನ್ನು ಇನ್ನು ಕೆಲವು ದಾಖಲಿಸುತ್ತವೆ. ಗೊಮ್ಮಟದೇವರ ಹೂವಿನ ಸೇವೆಗಾಗಿ ಬೆಳಗೊಳದ ವರ್ತಕರು ಭೂಮಿಯನ್ನು ಕ್ರಯಕ್ಕೆ ಪಡೆದು, ಅದನ್ನು ಆಚಂದ್ರಾರ್ಕವಾಗಿ ಅನುಭವಿಸುವಂತೆ ಮಾಲೆಗಾರನಿಗೆ ಬಿಟ್ಟುಕೊಟ್ಟ ವಿಷಯವೂ ಈ ಶಾಸನಗಳಲ್ಲಿದೆ.

ಆಚಂದ್ರಾರ್ಕವೆಂಬ ಪದವನ್ನು ಇಲ್ಲಿ ಆಲೋಚಿಸಿ ಓದಬೇಕು. ವರ್ತಕನ ದಾನವು ಒಂದೇ ದಿನದಲ್ಲಿ ಮುಗಿಯಿತು. ಅದನ್ನು ಕಲ್ಲು ನೆನಪಿನಲ್ಲಿಟ್ಟಿತು. ಆದರೆ ಸೂರ್ಯಚಂದ್ರರಿರುವವರೆಗೆ ನಡೆಯಬೇಕಾದ ಹೊಣೆ ಮಾಲೆಗಾರನ ಹೆಗಲೇರಿತು. ಅವನು ಬಿಟ್ಟರೆ ಅವನ ಮಗ, ಮಗನು ಬಿಟ್ಟರೆ ಮೊಮ್ಮಗ ಬೆಳಗಿನ ಜಾವದಲ್ಲೆದ್ದು ತೋಟಕ್ಕೆ ಹೋಗಲೇಬೇಕು. ಒಂದು ತಲೆಮಾರು ಕೈಬಿಟ್ಟರೂ ಶಾಸನವು ಬರಿಯ ಅಕ್ಷರವಾಗಿ ಉಳಿಯುತ್ತದೆ. ದಾನಿಯ ಹೆಸರನ್ನು ಕಲ್ಲು ಉಳಿಸಿತು. ದಾನವನ್ನು ಉಳಿಸಿದವನು ಮಾಲೆಗಾರ.

ಸೇವೆಗೆ ಪ್ರತಿಯಾಗಿ ಭೂಮಿಯೆಂಬ ಈ ಏರ್ಪಾಡು ಹಳೆಯ ಮೈಸೂರು ಸೀಮೆಯಲ್ಲಿ ಇನಾಂ ರೂಪದಲ್ಲಿ ಬಹುಕಾಲ ಮುಂದುವರಿಯಿತು. 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದಿಯಾತಿ ಶಾಸನದ ಬಳಿಕ ಆ ಕಟ್ಟು ಕಳಚಿತು. ಭೂಮಿಗೂ ಸೇವೆಗೂ ಇದ್ದ ನಂಟು ತಪ್ಪಿದ ಮೇಲೆ ಪೇಟೆಯ ಅಂಗಡಿಯೇ ಹೂವಿನ ಕಸುಬಿನ ಆಸರೆಯಾಯಿತು. ಹೂವಾಡಿಗ, ಹೂಗಾರ ಮನೆತನಗಳಲ್ಲದೆ, ತೋಟಗಾರಿಕೆಯಲ್ಲಿ ನಿಪುಣರಾದ ತಿಗಳ ಸಮಾಜದವರೂ ಇತರರೂ ಈ ವ್ಯಾಪಾರದಲ್ಲಿ ತೊಡಗಿದರು. ಈಗ ತುಮಕೂರಿನ ಅಂತರಸನಹಳ್ಳಿಯ ಮಾರುಕಟ್ಟೆಗೆ ಸುತ್ತಲಿನ ಹಳ್ಳಿಗಳಿಂದ ಸೇವಂತಿಗೆ, ಕನಕಾಂಬರ, ಚೆಂಡುಹೂವು, ಕಾಕಡಗಳು ಬರುತ್ತವೆ.

ಹೂವಿನಂಗಡಿಯ ಯಜಮಾನನ ಜೀವನಕ್ರಮವನ್ನು ಬಲ್ಲವರು ಅದರ ಕಷ್ಟವನ್ನೂ ಬಲ್ಲರು. ಊರು ಏಳುವ ಮುನ್ನ ಮಾರುಕಟ್ಟೆಯನ್ನು ಮುಟ್ಟಬೇಕು. ತಂದ ಸರಕು ಸಂಜೆಗೆ ಮಾರದಿದ್ದರೆ ಮರುದಿನ ಕಸ. ಶ್ರಾವಣದಲ್ಲಿ ಏರಿದ ದರವು ಶುಭಕಾರ್ಯಗಳಿಲ್ಲದ ದಿನಗಳಲ್ಲಿ ನೆಲಕಚ್ಚುತ್ತದೆ. ಮೊಗ್ಗು ಅರಳುವ ಮೊದಲೇ ಮಲ್ಲಿಗೆಯನ್ನು ಕಟ್ಟಿ ಮುಗಿಸಬೇಕು. ಬಾಳೆನಾರನ್ನು ನೆನೆಸಿ, ಸೀಳಿ, ಮಾರುಗಟ್ಟಲೆ ಹೂವು ಕಟ್ಟಿಕೊಡುವವರು ಬಹುಮಟ್ಟಿಗೆ ಮನೆಯ ಹೆಂಗಸರು. ಅಂಗಡಿಯ ಹಲಗೆಯ ಮೇಲೆ ಯಜಮಾನನ ಹೆಸರಿದ್ದರೂ ಮನೆತನದ ವಿದ್ಯೆಯು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬೆರಳಿನ ಮೂಲಕವೇ ಹರಿದುಬಂದಿದೆ. ಅದನ್ನು ಬರೆದಿಟ್ಟ ಗ್ರಂಥವಿಲ್ಲ.

ಬಸದಿಗೆ ಹೂವು ಒದಗಿಸುವವನಿಗೆ ಇದರ ಮೇಲೆ ಇನ್ನೊಂದು ಎಚ್ಚರವೂ ಬೇಕು. ನೆಲಕ್ಕೆ ಬಿದ್ದ, ಬಾಡಿದ, ಕೀಟ ಕಡಿದ ಹೂವು ಜಿನಪೂಜೆಗೆ ಸಲ್ಲದು. ಹೂವಿನೊಳಗೆ ಅಡಗಿದ ಸಣ್ಣ ಜೀವಕ್ಕೂ ನೋವಾಗಬಾರದು. ಆದುದರಿಂದ ಬಿಡಿಸುವಾಗಲೂ ಆಯುವಾಗಲೂ ಕೈ ಮೃದುವಾಗಿರಬೇಕು. ಅಹಿಂಸಾವ್ರತವನ್ನು ಶ್ರಾವಕನು ಬಸದಿಯೊಳಗೆ ನೆನೆಯುವುದಕ್ಕೆ ಮೊದಲೇ ಅದನ್ನು ತೋಟದಲ್ಲಿ ಪಾಲಿಸಬೇಕಾದವನು ಮಾಲೆಗಾರ. ಅವನು ಜೈನನಾಗಿರಲಿ ಇಲ್ಲದಿರಲಿ, ಆ ವ್ರತದಲ್ಲಿ ಪಾಲುಗಾರನೆಂಬುದು ನಿರ್ವಿವಾದ.

ಅವನ ಬುಟ್ಟಿಯು ಇಂದಿಗೂ ಎಲ್ಲರಿಗೂ ಸಲ್ಲುವಂಥದು. ಗುಬ್ಬಿಯಲ್ಲಿ ಚನ್ನಬಸವೇಶ್ವರಸ್ವಾಮಿಯ ಹೂವಿನ ವಾಹನಕ್ಕೆ, ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರರ ಸನ್ನಿಧಿಗೆ, ಮಂದರಗಿರಿಯ ಬಸದಿಗಳಿಗೆ ಬೇಕಾಗುವುದು ಒಂದೇ ನೆಲದ ಹೂವು. 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಬಾಹುಬಲಿಯ ಮೇಲೆ ಪುಷ್ಪವೃಷ್ಟಿ ಮಾಡಿದುದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಆಗಸದಿಂದ ಬಿದ್ದ ಆ ಹೂವುಗಳನ್ನೂ ಯಾರೋ ತೋಟಗಾರರು ಬಾಗಿ ಬಿಡಿಸಿದ್ದರೆಂಬುದನ್ನು ಮಾತ್ರ ಯಾರೂ ನೆನೆಯಲಿಲ್ಲ.

ಈ ಪರಂಪರೆಯು ಈಗ ಸಂಧಿಕಾಲದಲ್ಲಿದೆ. ಓದಿದ ಮಕ್ಕಳು ಬೆಂಗಳೂರಿನ ಉದ್ಯೋಗಗಳತ್ತ ಮುಖಮಾಡುತ್ತಿದ್ದಾರೆ; ಅದು ಅವರ ಹಕ್ಕು, ಅದನ್ನು ಆಕ್ಷೇಪಿಸಲು ಕಾರಣವಿಲ್ಲ. ಅಲಂಕಾರಕ್ಕೆ ಪ್ಲಾಸ್ಟಿಕ್ ಹೂಗಳೂ ಬಂದಿವೆ. ಮನೆತನದ ಮೇಲೆ ಹೊಣೆ ಹೊರಿಸಲು ಇಂದು ಇನಾಂ ಭೂಮಿಯಿಲ್ಲ, ಶಾಸನದ ಕಟ್ಟೂ ಇಲ್ಲ. ಉಳಿದಿರುವುದು ಕೃತಜ್ಞತೆಯೊಂದೇ. ಪ್ರತಿಯೊಂದು ಬಸದಿಯ ದಫ್ತರದಲ್ಲಿಯೂ ದಾನಿಗಳ ಯಾದಿಯ ಪಕ್ಕದಲ್ಲಿ, ತಲತಲಾಂತರದಿಂದ ಹೂವು ಒದಗಿಸಿದ ಮನೆತನದ ಹೆಸರನ್ನು, ಕಟ್ಟುವ ಹೆಂಗಸರ ಹೆಸರುಗಳ ಸಹಿತ, ಅವರ ಒಪ್ಪಿಗೆ ಪಡೆದು ಬರೆದಿಡುವುದು ಕಷ್ಟವೇನೂ ಅಲ್ಲ. ಹೂವಿನ ದರವನ್ನು ಚೌಕಾಸಿ ಮಾಡದೆ ಕಾಲಕ್ಕೆ ಸಲ್ಲಿಸುವುದೂ ಅದೇ ಕೃತಜ್ಞತೆಯ ಇನ್ನೊಂದು ರೂಪ.

ಬೆಳಗೊಳದ ವರ್ತಕರು ಎಂಟುನೂರು ವರ್ಷಗಳ ಹಿಂದೆ ಮಾಲೆಗಾರನನ್ನು ಮರೆಯದೆ ಕಲ್ಲಿನಲ್ಲಿ ಬರೆಸಿದರು. ಅವರ ಪರಂಪರೆಯಲ್ಲಿ ಬಂದ ಶ್ರಾವಕರು ಕಾಗದದ ಮೇಲಾದರೂ ಅಷ್ಟನ್ನು ಮಾಡಿದಲ್ಲಿ, ಬಸದಿಯ ಹೊಸ್ತಿಲಿನಲ್ಲಿ ಬುಟ್ಟಿಯಿಳಿಸಿ ಸದ್ದಿಲ್ಲದೆ ಹಿಂದಿರುಗುವ ಆ ಸೇವೆಗೆ ಸಲ್ಲಬೇಕಾದ ಮನ್ನಣೆ ಸಂದಂತಾಗುವುದು.