ಕತೆ ಬರೆಯಲು ಕಲಿಸಿದ ಬೀದಿಗಳು

ಚಿಕ್ಕಲಸಂದ್ರ ಇನ್ನೂ ಬೆಂಗಳೂರಿನ ಹೊರಗಿನ ಹಳ್ಳಿಯಾಗಿದ್ದ ಕಾಲ. ಅಲ್ಲಿಂದ ಕೆಲವೇ ಮೈಲಿ ದೂರದ ಗವಿಪುರದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ‘ಜೀವನ’ ಮಾಸಪತ್ರಿಕೆಯ ಸಂಪಾದಕರಾಗಿದ್ದರು. ಮೈಸೂರು ಸಂಸ್ಥಾನದ ದೊಡ್ಡ ಹುದ್ದೆಯನ್ನು 1943ರಲ್ಲಿ ಬಿಟ್ಟು ಬಂದವರು ಮರುವರ್ಷವೇ ಆ ಪತ್ರಿಕೆಯ ಹೊಣೆ ಹೊತ್ತು 1965ರವರೆಗೆ ನಡೆಸಿದರು. ಕತೆ ಕಟ್ಟುವುದನ್ನು ಹೇಳಿಕೊಡುವ ಶಾಲೆ ಕನ್ನಡದಲ್ಲಿ ಆಗ ಇರಲಿಲ್ಲ. ಹೊಸಬರು ಕಲಿತದ್ದು ಇಂಥ ಸಂಪಾದಕರ ಮೇಜಿನಿಂದ. ಬೆಂಗಳೂರಿನ ಮಟ್ಟಿಗೆ ಆ ಮೇಜುಗಳಲ್ಲಿ ಕೆಲವು ಮುಖ್ಯವಾದವು ಊರಿನ ದಕ್ಷಿಣ ಭಾಗದಲ್ಲೇ ಇದ್ದವು.

ಬರೆಯುವವರಿಗೆ ಬುದ್ಧಿ ಹೇಳುವುದು ಕನ್ನಡಕ್ಕೆ ಹೊಸದೇನಲ್ಲ. ನಮಗೆ ಉಳಿದು ಬಂದಿರುವ ಅತ್ಯಂತ ಹಳೆಯ ಗ್ರಂಥವೇ ಅಂಥದ್ದು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಯಾವ ಮಾತು ಯಾವುದರ ಜೊತೆ ಸೇರುತ್ತದೆ, ಯಾವ ದೋಷದಿಂದ ಬರಹ ಕೆಡುತ್ತದೆ ಎಂದು ಬಿಡಿಸಿ ಹೇಳುತ್ತದೆ. 1112ರ ಸುಮಾರಿಗೆ ಮುಳುಗುಂದದ ನಯಸೇನ ‘ಧರ್ಮಾಮೃತ’ದ ಕತೆಗಳನ್ನು ಬರೆಯುವಾಗ ಇನ್ನೂ ಖಾರವಾದ. ಕನ್ನಡದಲ್ಲಿ ಹೇಳಲು ಹೊರಟು ಸಂಸ್ಕೃತ ತುರುಕುವವರನ್ನು ಕಂಡು, ತುಪ್ಪಕ್ಕೆ ಎಣ್ಣೆ ಬೆರೆಸುವವರೆಂದು ಗದರಿದ. ಯಾರಿಗೆ ಹೇಳುತ್ತಿದ್ದೀಯೋ ಅವರ ಮಾತಿನಲ್ಲಿ ಹೇಳು ಎಂಬುದೇ ಆ ಗದರಿಕೆಯ ತಿರುಳು. ಮುಂದಿನ ಒಂಬೈನೂರು ವರ್ಷದಲ್ಲಿ ಕನ್ನಡದ ಕತೆಗಾರರಿಗೆ ಸಿಕ್ಕ ಒಳ್ಳೆಯ ಸಲಹೆಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಇದರ ಸುತ್ತಲೇ ತಿರುಗಿವೆ.

ಮಾಸ್ತಿಯವರ ಮೊದಲ ಸಂಕಲನ ‘ಕೆಲವು ಸಣ್ಣ ಕತೆಗಳು’ ಬಂದದ್ದು 1920ರಲ್ಲಿ. ಅದಕ್ಕೂ ಮುಂಚೆ ಮಂಗಳೂರು ಕಡೆ ಪಂಜೆ ಮಂಗೇಶರಾಯರು, ಉತ್ತರದಲ್ಲಿ ಕೆರೂರು ವಾಸುದೇವಾಚಾರ್ಯರು ಕತೆ ಬರೆದಿದ್ದರು. ಆದರೆ ಮಾಸ್ತಿಯವರ ‘ರಂಗನ ಮದುವೆ’ ಕತೆಯನ್ನು ಇವತ್ತಿಗೂ ಹೊಸ ಬರಹಗಾರರ ಕೈಗೆ ಕೊಡಬೇಕು. ಕತೆ ಹೇಳುವ ಶ್ಯಾಮ ಓದುಗನನ್ನು ಎದುರಿಗೆ ಕೂರಿಸಿಕೊಂಡು ಮೊದಲು ತನ್ನ ಹೊಸಹಳ್ಳಿಯ ಗುಣಗಾನ ಮಾಡುತ್ತಾನೆ. ನಕ್ಷೆಯಲ್ಲಿ ಇಲ್ಲದ ಊರಿಗೆ ಅಷ್ಟು ಪೀಠಿಕೆ ಯಾಕೆ ಎನ್ನಿಸುವ ಹೊತ್ತಿಗೆ ಬೆಂಗಳೂರಿನಲ್ಲಿ ಇಂಗ್ಲಿಷ್ ಓದಿದ ರಂಗ ಊರಿಗೆ ಬರುತ್ತಾನೆ, ಜನ ಮುತ್ತಿಕೊಳ್ಳುತ್ತಾರೆ. ಮುದುಕಿಯೊಬ್ಬಳು ಅವನ ಎದೆ ಸವರಿ, ಜನಿವಾರ ಇನ್ನೂ ಇದೆಯಲ್ಲ ಎಂದು ಸಮಾಧಾನಪಡುತ್ತಾಳೆ. ಕಾಲ ಬದಲಾಗುತ್ತಿತ್ತು, ಹಳ್ಳಿ ಹೆದರಿತ್ತು ಎಂದು ಲೇಖಕ ಎಲ್ಲಿಯೂ ಉಪನ್ಯಾಸ ಮಾಡುವುದಿಲ್ಲ. ಅಜ್ಜಿಯ ಕೈಯೇ ಆ ಕೆಲಸ ಮಾಡಿದೆ. ಕತೆ ಹೇಳುವವನು ಯಾರು, ಅವನಿಗೆ ಎಷ್ಟು ಗೊತ್ತು, ಯಾವುದನ್ನು ಅವನು ಹಿಡಿದಿಟ್ಟುಕೊಂಡಿದ್ದಾನೆ ಎಂಬುದನ್ನು ಮೊದಲ ಪುಟದಲ್ಲೇ ನಿಶ್ಚಯಿಸಬೇಕೆಂಬ ಪಾಠ ಇದಕ್ಕಿಂತ ಸಲೀಸಾಗಿ ಸಿಗುವುದು ಕಷ್ಟ.

ಗವಿಪುರದಿಂದ ನಡೆದೇ ಹೋಗಬಹುದಾದ ವಿಶ್ವೇಶ್ವರಪುರದಲ್ಲಿ ಅ.ನ. ಕೃಷ್ಣರಾಯರು ಬೇರೆಯದೇ ಪಾಠ ನಡೆಸಿದರು. ‘ಕಥಾಂಜಲಿ’, ‘ವಿಶ್ವವಾಣಿ’ ಪತ್ರಿಕೆಗಳ ಸಂಪಾದಕರು, ಪ್ರಗತಿಶೀಲ ಚಳವಳಿಯ ಮುಂದಾಳು, ನೂರಕ್ಕೂ ಹೆಚ್ಚು ಕಾದಂಬರಿಗಳ ಕರ್ತೃ. ಲೇಖನಿಯಿಂದಲೇ ಬದುಕಿ ತೋರಿಸಿದ ಅವರು ತಮ್ಮ ಆತ್ಮಕಥನಕ್ಕೆ ಇಟ್ಟ ಹೆಸರೂ ‘ಬರಹಗಾರನ ಬದುಕು’. ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಮೊದಲಾದವರು ಅದೇ ಚಳವಳಿಯಲ್ಲಿ ಬೆಳೆದರು. ವೇಶ್ಯೆಯರ ಬದುಕನ್ನು ಕುರಿತ ‘ನಗ್ನ ಸತ್ಯ’, ‘ಸಂಜೆಗತ್ತಲು’ ಕಾದಂಬರಿಗಳಿಗೆ ಅಶ್ಲೀಲವೆಂಬ ಕೂಗೆದ್ದಾಗ ಅನಕೃ ಹಿಂದೆ ಸರಿಯಲಿಲ್ಲ. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಅವರ ಕಾದಂಬರಿಗಳಲ್ಲಿ ಅವಸರದ ಬರವಣಿಗೆ ಇದೆ, ನಿಜ. ಆದರೆ ಮರ್ಯಾದಸ್ಥರ ಮನೆಯಲ್ಲಿ ಹೆಸರೆತ್ತದ ಜನರೂ ಕತೆಗೆ ಬರಬಹುದೆಂಬ ಧೈರ್ಯವನ್ನು ಒಂದು ಇಡೀ ತಲೆಮಾರಿಗೆ ತುಂಬಿದವರು ಅವರು.

ಆಮೇಲೆ ಕತೆಗಾರರನ್ನು ಹುಡುಕುವ ಕೆಲಸ ವಿಶೇಷಾಂಕಗಳ ಪಾಲಿಗೆ ಬಂತು. 1948ರಲ್ಲಿ ಶುರುವಾದ ‘ಪ್ರಜಾವಾಣಿ’ ಪತ್ರಿಕೆಯ ದೀಪಾವಳಿ ಕಥಾಸ್ಪರ್ಧೆಯ ಕತೆಗಳನ್ನು, 1965ರಿಂದ ಬರುತ್ತಿರುವ ‘ಸುಧಾ’ದ ಯುಗಾದಿ ಸಂಚಿಕೆಗಳನ್ನು ಹಳ್ಳಿ ಲೈಬ್ರರಿಗಳಲ್ಲಿ ಜನ ಕಾದು ಓದಿದರು. ಬೆಸಗರಹಳ್ಳಿ ರಾಮಣ್ಣ, ಮೊಗಳ್ಳಿ ಗಣೇಶ್ ಅವರಂಥವರ ಹೆಸರು ಮನೆಮಾತಾದದ್ದು ಬಹುಮಾನದ ಪಟ್ಟಿಯಿಂದ. ಮಂಡ್ಯ, ಚನ್ನಪಟ್ಟಣದ ಕಡೆಯ ಆಡುಮಾತು ತಿದ್ದುಪಡಿಯಿಲ್ಲದೆ ಅಚ್ಚಾಗಿದ್ದನ್ನು ನೋಡಿದಾಗ, ತನ್ನ ಊರಿನ ಭಾಷೆಯೂ ಸಾಹಿತ್ಯಕ್ಕೆ ಸಲ್ಲುತ್ತದೆಂದು ಓದಿದವನಿಗೆ ಅನ್ನಿಸದೆ ಇರದು.

ಬಸವನಗುಡಿಯಿಂದ ಹೊರಡುತ್ತಿದ್ದ ‘ಲಂಕೇಶ್ ಪತ್ರಿಕೆ’ 1980ರಲ್ಲಿ ಬಂದ ಮೇಲೆ ಬಾಗಿಲು ಇನ್ನೂ ಅಗಲವಾಯಿತು. ಕಾಸರಗೋಡಿನ ಸಾರಾ ಅಬೂಬಕ್ಕರ್ ಬರೆದ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಇಲ್ಲಿಯೇ. ತಲಾಖಿನ ಕಟ್ಟಳೆಗೆ ಸಿಕ್ಕ ನಾದಿರಾಳ ಸಂಕಟವನ್ನು ಹೊರಗಿನವರು ಬರೆದಿದ್ದರೆ ಅದು ವಾದವಾಗುತ್ತಿತ್ತು. ಒಳಮನೆಯನ್ನು ಬಲ್ಲ ಹೆಣ್ಣು ಬರೆದದ್ದರಿಂದ ಕತೆಯಾಯಿತು. ಹಾಸನದ ಬಾನು ಮುಷ್ತಾಕ್ ಅದೇ ಪತ್ರಿಕೆಗೆ ವರದಿಗಾರ್ತಿಯಾಗಿ ದುಡಿದವರು. ಅವರ 12 ಕತೆಗಳನ್ನು ದೀಪಾ ಭಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದಿತು.

ಈಗ ವಾರಪತ್ರಿಕೆಗಳ ಪುಟಗಳು ಕಡಿಮೆಯಾಗಿವೆ. ಆ ಜಾಗವನ್ನು ಸ್ವಲ್ಪವಾದರೂ ತುಂಬಿದ್ದು ಕತೆಗಾರ ವಸುಧೇಂದ್ರ 2004ರ ಸುಮಾರಿಗೆ ಕಟ್ಟಿದ ‘ಛಂದ ಪುಸ್ತಕ’. ಪುಸ್ತಕ ಪ್ರಕಟಿಸದ ಕತೆಗಾರರಿಂದ ಹಸ್ತಪ್ರತಿ ತರಿಸಿ, ಆಯ್ದುದಕ್ಕೆ ಬಹುಮಾನ ಕೊಟ್ಟು ಅಚ್ಚು ಹಾಕಿಸುವ ಪದ್ಧತಿ ಅವರದು. ಶಾಂತಿ ಕೆ. ಅಪ್ಪಣ್ಣ ಅವರ ‘ಮನಸು ಅಭಿಸಾರಿಕೆ’ ಹೀಗೆ ಬೆಳಕು ಕಂಡು, ಮುಂದೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆಯಿತು. ಸ್ಪರ್ಧೆಗೆ ಒಂದೇ ಕತೆ ಕಳಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಹತ್ತು ಕತೆಗಳನ್ನು ಒಟ್ಟಿಗೆ ಜೋಡಿಸಿ ಓದಿದಾಗ ಎಲ್ಲ ಪಾತ್ರಗಳೂ ಲೇಖಕನ ದನಿಯಲ್ಲೇ ಮಾತಾಡುತ್ತಿರುವುದು, ಎಲ್ಲ ಕತೆಗಳೂ ಸಾವಿನಲ್ಲೇ ಮುಗಿಯುವುದು, ಒಂದೇ ಬಗೆಯ ಮಳೆ ಪುಟಪುಟದಲ್ಲೂ ಸುರಿಯುವುದು ಬರೆದವರಿಗೇ ಕಾಣಿಸುತ್ತದೆ. ಕಳಿಸುವ ಮೊದಲು ಅವರು ತಾವೇ ಕೂತು ತಿದ್ದುತ್ತಾರೆ.