1907ರ ಟ್ರಾಮು, 1956ರ ಆಟಿಕೆ

ಆಟಿಕೆ ಕಾರು ಕೂಡಿಡುವ ಹುಚ್ಚಿನವರು ನಮ್ಮ ಬ್ಲಾಗಿಗರಲ್ಲೂ ಕೆಲವರಿದ್ದೀರಿ. ಆದರೆ ಟ್ರಾಮು ಕೂಡಿಡುವವರನ್ನು ನಾನಿನ್ನೂ ಕಂಡಿಲ್ಲ. ಬೆಂಗಳೂರಿಗೆ ಟ್ರಾಮು ಬರಲೇ ಇಲ್ಲವಲ್ಲ, ಅದಕ್ಕಿರಬಹುದು. ನನ್ನ ಕಪಾಟಿನಲ್ಲಿ ಒಂದಿದೆ: ಮ್ಯಾಚ್‌ಬಾಕ್ಸ್‌ನವರ 'ಮಾಡೆಲ್ಸ್ ಆಫ್ ಯೆಸ್ಟರ್‌ಇಯರ್' ಸರಣಿಯ ಮೂರನೆಯದು, 1907ರ ಲಂಡನ್ 'ಈ' ಕ್ಲಾಸ್ ಟ್ರಾಮು. ಅಂಗೈ ಮೇಲೆ ಕೂರುವ ಕೆಂಪು ಡಬಲ್ ಡೆಕ್ಕರ್. ಪಕ್ಕದಲ್ಲಿ 'ನ್ಯೂಸ್ ಆಫ್ ದಿ ವರ್ಲ್ಡ್' ಪತ್ರಿಕೆಯ ಜಾಹೀರಾತು. ಬಣ್ಣ ಅಲ್ಲಲ್ಲಿ ಎದ್ದಿದೆ, ಡಬ್ಬಿಯಂತೂ ಇಲ್ಲವೇ ಇಲ್ಲ. ಡಬ್ಬಿಯಿಲ್ಲದ ಮಾಡೆಲ್ಲಿಗೆ ಸಂಗ್ರಾಹಕರ ಲೋಕದಲ್ಲಿ ಕಿಮ್ಮತ್ತು ಕಡಿಮೆ, ಇರಲಿ ಬಿಡಿ.

ಇದು ಅಂಗಡಿಗೆ ಬಂದದ್ದು 1956ರಲ್ಲಿ. ಲಂಡನ್ನಿನ ಹಳೆಯ ಟ್ರಾಮುಗಳು ಕೊನೆಯ ಬಾರಿ ಓಡಿದ್ದು 1952ರ ಜುಲೈ 5ರಂದು. ಅಂದರೆ ನಿಜವಾದ ಟ್ರಾಮು ಹೋಗಿ ನಾಲ್ಕು ವರ್ಷಕ್ಕೆ ಆಟಿಕೆ ಬಂತು. ತಯಾರಿಸಿದ ಲೆಸ್ನಿ ಕಂಪನಿಯೂ ಲಂಡನ್ನಿನದೇ, 1947ರಲ್ಲಿ ಹುಟ್ಟಿದ್ದು. ಆ ಕೊನೆಯ ವಾರ ಜನ ಹಳಿಯ ಮೇಲೆ ಪೆನ್ನಿ ನಾಣ್ಯಗಳನ್ನಿಟ್ಟು, ಟ್ರಾಮಿನ ಗಾಲಿ ಹರಿದು ಚಪ್ಪಟೆಯಾದ ನಾಣ್ಯವನ್ನು ನೆನಪಿಗೆಂದು ಜೇಬಿಗೆ ಹಾಕಿಕೊಂಡರಂತೆ. ಇಂಥ ಊರಿನಲ್ಲಿ ಟ್ರಾಮಿನ ಆಟಿಕೆ ಮಾರಾಟವಾಗದೆ ಇರುತ್ತದೆಯೇ?

ಇಷ್ಟು ಬೇಕಾಗಿದ್ದದ್ದನ್ನು ತೆಗೆದದ್ದಾದರೂ ಯಾಕೆ? ಬಸ್ಸು ಬಂತು, ಟ್ರಾಮು ಹೋಯಿತು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನಗೆ ಅಷ್ಟು ಸರಳ ಅನ್ನಿಸುವುದಿಲ್ಲ. 1870ರ ಟ್ರಾಮ್‌ವೇ ಕಾಯ್ದೆಯನ್ನು ನೋಡಿ. ಟ್ರಾಮು ಓಡಿಸುವವರು ಹಳಿಗಳ ನಡುವಿನ ರಸ್ತೆಯನ್ನಲ್ಲದೆ ಹಳಿಯ ಹೊರಮಗ್ಗುಲಿನ 18 ಇಂಚು ರಸ್ತೆಯನ್ನೂ ತಮ್ಮ ಖರ್ಚಿನಲ್ಲೇ ರಿಪೇರಿ ಮಾಡಿಸಬೇಕಿತ್ತು. ಕುದುರೆ ಎಳೆಯುವ ಟ್ರಾಮುಗಳ ಕಾಲಕ್ಕೆ ಅದು ನ್ಯಾಯವೇ, ಗೊರಸು ಬಡಿದು ರಸ್ತೆ ಹಾಳಾಗುತ್ತಿತ್ತು. ಕುದುರೆ ಹೋಗಿ ವಿದ್ಯುತ್ ಬಂದ ಮೇಲೂ ಹೊರೆ ಮಾತ್ರ ಹಾಗೇ ಉಳಿಯಿತು. ಟ್ರಾಮಿನವರು ರಿಪೇರಿ ಮಾಡಿಸಿದ ರಸ್ತೆಯ ಮೇಲೆ ಬಸ್ಸು ಆರಾಮಾಗಿ ಓಡುತ್ತಿತ್ತು! ಇದರ ಮೇಲೆ ಲಂಡನ್ನಿಗೆ ಇನ್ನೊಂದು ಖರ್ಚು. ತಲೆಯ ಮೇಲೆ ತಂತಿ ಎಳೆದರೆ ಊರಿನ ಅಂದ ಕೆಡುತ್ತದೆ ಎಂದು ನಗರದ ಒಳಭಾಗದಲ್ಲಿ ಹಳಿಗಳ ನಡುವೆ ಸೀಳುಗಂಡಿ ಮಾಡಿ, ನೆಲದ ಕೆಳಗಿನಿಂದ ವಿದ್ಯುತ್ ಕೊಟ್ಟಿದ್ದರು. ಆ ಗಂಡಿಯೊಳಗೆ ಇಳಿದು ವಿದ್ಯುತ್ ಪಡೆಯುವ ಸಾಧನಕ್ಕೆ 'ಪ್ಲೌ' ಎಂದು ಹೆಸರು. ನೇಗಿಲೇ ಸ್ವಾಮಿ, ಊರ ನಡುವೆ ನೇಗಿಲು! ಹೊರವಲಯದಲ್ಲಿ ತಂತಿ ಶುರುವಾಗುವ ಜಾಗ ಬಂದರೆ ಟ್ರಾಮು ನಿಲ್ಲಿಸಿ, ನೇಗಿಲು ಕಳಚಿ, ಮೇಲಿನ ಕೋಲನ್ನು ತಂತಿಗೆ ಸಿಕ್ಕಿಸಬೇಕು. ಇದನ್ನೆಲ್ಲ ಸುಸ್ಥಿತಿಯಲ್ಲಿಡಲು ಎಷ್ಟು ದುಡ್ಡು ಬೇಕೆಂದು ನೀವೇ ಊಹಿಸಿ.

1933ರಲ್ಲಿ ಊರಿನ ಬಸ್ಸು, ಟ್ರಾಮು, ಸುರಂಗ ರೈಲುಗಳೆಲ್ಲ 'ಲಂಡನ್ ಟ್ರಾನ್ಸ್‌ಪೋರ್ಟ್' ಕೈಗೆ ಬಂದವು. ಟ್ರಾಮು ತೆಗೆಯುವ ಕೆಲಸ 1935ರಿಂದ ಶುರುವಾಯಿತು. ನಡುವೆ ಯುದ್ಧ ಬಂದದ್ದರಿಂದ ಥೇಮ್ಸ್‌ನ ದಕ್ಷಿಣದ ಟ್ರಾಮುಗಳಿಗೆ ಒಂದಷ್ಟು ವರ್ಷ ಆಯುಸ್ಸು ಸಿಕ್ಕಿತು. ಕೊನೆಗೆ ಬಹುಪಾಲು ಗಾಡಿಗಳನ್ನು ಚಾರ್ಲ್‌ಟನ್‌ನ ಪೆನ್‌ಹಾಲ್ ರಸ್ತೆಯ ಅಂಗಳಕ್ಕೆ ಸಾಗಿಸಿ, ಮರದ ಮೈಗೆ ಬೆಂಕಿ ಕೊಟ್ಟು, ಉಳಿದ ಲೋಹವನ್ನು ಗುಜರಿಗೆ ಹಾಕಿದರು.

ಈಗ ನನ್ನ ಆಟಿಕೆಗೆ ಬನ್ನಿ. ಹೆಸರಿನಲ್ಲಿ 1907 ಎಂದಿದೆ, ಮೈಮೇಲೆ 'ಲಂಡನ್ ಟ್ರಾನ್ಸ್‌ಪೋರ್ಟ್' ಎಂದಿದೆ. 1907ರಲ್ಲಿ ಆ ಸಂಸ್ಥೆ ಎಲ್ಲಿತ್ತು? ಆಗಿದ್ದದ್ದು ಲಂಡನ್ ಕೌಂಟಿ ಕೌನ್ಸಿಲ್. ಇದು ತಪ್ಪು ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. 1907ರ ಆಸುಪಾಸಿನ ಗಾಡಿಗಳು 1933ರ ನಂತರವೂ ಹೊಸ ಹೆಸರು ಬರೆಸಿಕೊಂಡು ಓಡಿದವು. ಅದೇ ಬಳಗದ 'ಈ/1' ಗಾಡಿಗಳಂತೂ ಎರಡನೇ ಮಹಾಯುದ್ಧ ಮುಗಿದ ಮೇಲೂ ಇದ್ದವು. 1956ರಲ್ಲಿ ಮಗನಿಗೆ ಇದನ್ನು ಕೊಡಿಸಿದ ಅಪ್ಪ ದಿನಾ ಕೆಲಸಕ್ಕೆ ಹೋಗಿದ್ದದ್ದು ಇಂಥ ಮುದಿ ಟ್ರಾಮಿನಲ್ಲೇ ಇರಬೇಕು. ಮ್ಯೂಸಿಯಮ್ಮಿಗೆ ಬೇಕಾದ್ದು ಹೊಸದಾಗಿದ್ದಾಗಿನ ಬಣ್ಣ, ಈ ಅಪ್ಪನಿಗೆ ಬೇಕಾದ್ದು ತಾನು ಹತ್ತಿ ಇಳಿದ ಬಣ್ಣ.

ಅಂದ ಹಾಗೆ, ಟ್ರಾಮಿನ ಡೈಕಾಸ್ಟ್ ಆಟಿಕೆ ಇದೇ ಮೊದಲಲ್ಲ. ಡಿಂಕಿಯವರು 1930ರ ದಶಕದಲ್ಲೇ ಒಂದು ಪುಟ್ಟ ಟ್ರಾಮು ಮಾಡಿದ್ದರು. ಡೈಕಾಸ್ಟ್ ಎಂದರೆ ಸತುವಿಗೆ ಸ್ವಲ್ಪ ಅಲ್ಯೂಮಿನಿಯಂ ಬೆರೆಸಿ, ಕರಗಿಸಿ, ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ನುಗ್ಗಿಸುವುದು. ಆ ಸತುವಿನಲ್ಲಿ ಸೀಸ ಒಂಚೂರು ಸೇರಿದರೂ ವರ್ಷಗಳು ಕಳೆದಂತೆ ಲೋಹ ಒಳಗೊಳಗೇ ಬಿರಿದು ಪುಡಿಯಾಗುತ್ತದೆ. ಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿಗಳ ಗತಿ ಅದೇ ಆಯಿತು, ಮುಟ್ಟಿದರೆ ಉದುರುತ್ತವೆ. ಬಣ್ಣ ಎದ್ದರೆ ಬಳಿಯಬಹುದು, ಇದಕ್ಕೆ ಮದ್ದಿಲ್ಲ. ಯುದ್ಧಕ್ಕೆ ಮುಂಚಿನ ಟ್ರಾಮು ಯಾರಾದರೂ ನಿಮಗೆ ಮಾರಲು ಬಂದರೆ ಮೊದಲು ತಿರುಗಿಸಿ, ತಳದಲ್ಲಿ ಕೂದಲೆಳೆಯಂಥ ಬಿರುಕಿದೆಯೇ ನೋಡಿ.

ಲಂಡನ್ನಿಗೆ ಹೋಗುವವರು ಕೋವೆಂಟ್ ಗಾರ್ಡನ್‌ನಲ್ಲಿರುವ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ತಪ್ಪಿಸಬೇಡಿ. ಬೆಂಕಿಯಿಂದ ಉಳಿದ 'ಈ/1' ಟ್ರಾಮು, ನಂಬರ್ 1025, ಅವರ ಸಂಗ್ರಹದಲ್ಲಿದೆ. ಓಡುವ ಟ್ರಾಮೇ ಬೇಕೆಂದರೆ ಕ್ರಾಯ್ಡನ್‌ಗೆ ಹೋಗಿ. ತೆಗೆದು 48 ವರ್ಷಕ್ಕೆ, 2000ದ ಮೇ ತಿಂಗಳಲ್ಲಿ, ಅಲ್ಲಿ ಮತ್ತೆ ಹಳಿ ಹಾಕಿ ಟ್ರಾಮು ಬಿಟ್ಟರು. ಈ ಸಲ ತಂತಿ ತಲೆಯ ಮೇಲೆಯೇ!