ಹಾಡು ಅಚ್ಚಾದಾಗ ಉಳಿದದ್ದೆಷ್ಟು? ದರೋಜಿ ಸೀಮೆಗೊಂದು ಸಂಗೀತ ಪತ್ರಿಕೆಯ ವಿಚಾರ

ಬಳ್ಳಾರಿ ಸೀಮೆಯ ದರೋಜಿಯಲ್ಲಿ ಕಥೆ ಹಾಡುತ್ತಿದ್ದ ಬುರ್ರಕಥಾ ಈರಮ್ಮ 2014ರ ಆಗಸ್ಟ್ 12ರಂದು ತೀರಿಕೊಂಡರು. ಆಗ ಬಂದ ಬರಹಗಳೆಲ್ಲ ಅವರ ಪ್ರಶಸ್ತಿಗಳನ್ನು ನೆನೆದವು. 1999ರ ರಾಜ್ಯೋತ್ಸವ ಪ್ರಶಸ್ತಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಎಲ್ಲವೂ ಅಲ್ಲಿದ್ದವು. ಬುಡ್ಗಜಂಗಮ ಸಮುದಾಯದ, ಅಕ್ಷರ ಕಲಿಯದ ಆ ತಾಯಿಯ ನೆನಪಿನಲ್ಲಿ 12 ಕಾವ್ಯಗಳಿದ್ದವು, ಬರೆದಿಟ್ಟರೆ 7,000 ಪುಟ ಆದೀತು ಎಂಬ ಲೆಕ್ಕವೂ ಇತ್ತು. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ ಎಂದು ಕಾವ್ಯಗಳ ಹೆಸರೂ ಬಂದವು. ಆದರೆ ನಾನು ಓದಿದ ಯಾವ ಬರಹದಲ್ಲೂ ಆಕೆ ಹೇಗೆ ಹಾಡುತ್ತಿದ್ದರು ಅನ್ನುವ ಮಾತು ಸಿಗಲಿಲ್ಲ. ಯಾವ ಧಾಟಿ, ಎಲ್ಲಿ ಮಾತು, ಎಲ್ಲಿ ಹಾಡು, ಯುದ್ಧದ ಭಾಗ ಬಂದಾಗ ಗುಮ್ಮಟೆ ವಾದ್ಯದ ನಡೆ ಹೇಗೆ ಬದಲಾಗುತ್ತಿತ್ತು ಅನ್ನುವುದು ಇರಲಿಲ್ಲ.

ಇದು ಬರೆದವರ ತಪ್ಪಲ್ಲ. ಹಾಗೆ ಬರೆಯಲು ಕನ್ನಡದಲ್ಲಿ ಜಾಗವಿಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ನಡುವೆ ಒಂದು ಸಂಗೀತ ಪತ್ರಿಕೆ ಹುಟ್ಟಬೇಕು ಎಂದು ನಾನು ವಾದಿಸುವುದು ಇದೇ ಕಾರಣಕ್ಕೆ. ಆ ವಾದಕ್ಕೆ ಮೊದಲು, ಸಂಗೀತವನ್ನು ಕುರಿತ ಬರವಣಿಗೆ ಈ ನಾಡಿನಲ್ಲಿ ಯಾವ ದಾರಿಯಲ್ಲಿ ನಡೆದು ಬಂತು ಎಂದು ನೋಡಬೇಕು.

ಈ ನೆಲದಲ್ಲಿ ಆ ಬರವಣಿಗೆ ಬಹಳ ಹಳೆಯದು. ಶಾರ್ಙ್ಗದೇವನ ಸಂಗೀತರತ್ನಾಕರಕ್ಕೆ ಕಲ್ಲಿನಾಥ ವ್ಯಾಖ್ಯಾನ ಬರೆದದ್ದು ವಿಜಯನಗರದ ಅರಸರ ಆಶ್ರಯದಲ್ಲಿ. ಕೃಷ್ಣದೇವರಾಯನ ಕಾಲದಲ್ಲಿ ಲಕ್ಷ್ಮೀನಾರಾಯಣ ಸಂಗೀತಸೂರ್ಯೋದಯ ಬರೆದ. 1550ರಲ್ಲಿ ರಾಮಾಮಾತ್ಯ ಅಳಿಯ ರಾಮರಾಯನಿಗಾಗಿ ಸ್ವರಮೇಳಕಲಾನಿಧಿ ರಚಿಸಿ, ಆಗ ಬಳಕೆಯಲ್ಲಿದ್ದ ರಾಗಗಳನ್ನು 20 ಮೇಳಗಳ ಅಡಿಯಲ್ಲಿ ಹೊಂದಿಸಿದ. ರಾಮಾಮಾತ್ಯನ ಪುಸ್ತಕದಲ್ಲಿ ನನಗೆ ಬಹಳ ಹಿಡಿಸುವ ಅಂಶವೊಂದಿದೆ. ಶಾಸ್ತ್ರಕ್ಕೂ ಹಾಡಿಕೆಗೂ ಹೊಂದದೆ ಹೋದ ಕಡೆ ಅವನು ಲಕ್ಷ್ಯದ, ಅಂದರೆ ಜನ ನಿಜವಾಗಿ ಹಾಡುವ, ನುಡಿಸುವ ರೀತಿಯ ಪರ ನಿಲ್ಲುತ್ತಾನೆ. ವೀಣೆಯ ಮೆಟ್ಟಿಲುಗಳನ್ನು ಮುಂದಿಟ್ಟುಕೊಂಡು ಸ್ವರಗಳ ಜಾಗ ಹೇಳುತ್ತಾನೆ. ಅದೇ ಶತಮಾನದಲ್ಲಿ ಪುರಂದರದಾಸರು ಹಾಡುತ್ತಿದ್ದರು; ತುಂಗಭದ್ರೆಯ ದಂಡೆಯ ಪುರಂದರ ಮಂಟಪ ಇಂದಿಗೂ ಅವರ ಹೆಸರಿನಲ್ಲೇ ಇದೆ. ಆದರೆ ಆ ಗ್ರಂಥಗಳೆಲ್ಲ ಸಂಸ್ಕೃತದಲ್ಲಿದ್ದವು. ಅವು ಪಂಡಿತರಿಂದ ಪಂಡಿತರಿಗೆ ಹೋದವು, ಪದಗಳು ಬಾಯಿಂದ ಬಾಯಿಗೆ ಹೋದವು. ಆ ಎರಡು ದಾರಿ ಒಂದಾಗಲೇ ಇಲ್ಲ.

ಅಚ್ಚಿನ ಯುಗದಲ್ಲೂ ಬಳ್ಳಾರಿಗೆ ದೊಡ್ಡ ಪಾತ್ರವಿದೆ, ಅದನ್ನು ನಾವು ಮರೆತಿದ್ದೇವೆ. ಮಿಷನರಿ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬರುತ್ತಿತ್ತು. 1844ರಲ್ಲಿ ಅದು ಬಳ್ಳಾರಿಗೆ ಬಂತು, ಅಚ್ಚುಮೊಳೆಯಲ್ಲಿ ಮುದ್ರಣವಾಯಿತು, ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿತು. ಬಹಳ ಕಾಲ ಬಾಳಲಿಲ್ಲ. ಆದರೂ ಕನ್ನಡದ ಮೊದಲ ಪತ್ರಿಕೆ ಮೊಳೆಯ ಅಚ್ಚನ್ನು ಕಂಡದ್ದು ನಮ್ಮ ಜಿಲ್ಲೆಯಲ್ಲಿ. ಮೊಗ್ಲಿಂಗನೇ 1850ರಲ್ಲಿ ದಾಸರ ಪದಗಳನ್ನೂ ಅಚ್ಚು ಹಾಕಿಸಿದ. ಅಲ್ಲಿಂದಾಚೆಗೆ ದಾಸರ ಪದಗಳ ಸಂಕಲನಗಳು ಎಷ್ಟು ಬಂದವೋ! ಅವುಗಳಲ್ಲಿ ಹಾಡಿಕೆಯ ಗುರುತು ಎಂದರೆ ಪದದ ತಲೆಯ ಮೇಲಿನ ರಾಗ, ತಾಳದ ಹೆಸರು ಮಾತ್ರ. ಒಂದೇ ಪದಕ್ಕೆ ಒಂದು ಸಂಕಲನದಲ್ಲಿ ಒಂದು ರಾಗ, ಇನ್ನೊಂದರಲ್ಲಿ ಇನ್ನೊಂದು. ಯಾರು ಹಾಡಿದ್ದನ್ನು ಕೇಳಿ ಬರೆದರು ಎಂದು ಹೇಳುವವರಿಲ್ಲ.

ಜನಪದ ಹಾಡಿನ ಕಥೆಯೂ ಇಷ್ಟೇ. ಜಾನ್ ಫೇಯ್ತ್‌ಫುಲ್ ಫ್ಲೀಟ್ 1880ರ ದಶಕದಲ್ಲಿ ಕನ್ನಡ ಲಾವಣಿಗಳನ್ನು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದ. 1931ರಲ್ಲಿ ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಬಂದಾಗ ಕನ್ನಡದ ಕವಿಗಳ ಕಣ್ಣು ತೆರೆಯಿತು, ತ್ರಿಪದಿಯ ಶಕ್ತಿ ನಾಡಿಗೆ ತಿಳಿಯಿತು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕಟ್ಟಿದ ಕರ್ನಾಟಕ ಜಾನಪದ ಪರಿಷತ್ತು ‘ಜಾನಪದ ಜಗತ್ತು’ ಪತ್ರಿಕೆ ನಡೆಸಿತು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂದ ಮೇಲೆ ಅದರ ಪ್ರಸಾರಾಂಗ ಈರಮ್ಮನ ಕಾವ್ಯಗಳನ್ನು ಅಚ್ಚು ಮಾಡಿತು. ಆ ಕೆಲಸ ಆಗದಿದ್ದರೆ ಇವತ್ತು ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಅದಕ್ಕೆ ನಾನು ಎಂದೆಂದಿಗೂ ಋಣಿ. ಆದರೆ ಈ ಇಡೀ ಪರಂಪರೆ ಹಾಡನ್ನು ಸಾಹಿತ್ಯವಾಗಿ ಓದಿತು. ಸಂಗ್ರಹ ಮಾಡಿದವರು ಹೆಚ್ಚಿನಂಶ ಸಾಹಿತ್ಯದ ಮೇಷ್ಟ್ರುಗಳು. ಅವರಿಗೆ ಛಂದಸ್ಸು ಕಂಡಿತು, ಆಶಯ ಕಂಡಿತು. ಪಲ್ಲವಿ ಮರಳಿ ಬಂದ ಕಡೆ ಚುಕ್ಕಿ ಇಟ್ಟು ಮುಂದೆ ಹೋದರು. ಆ ಚುಕ್ಕಿಗಳಲ್ಲೇ ಮೇಳದವರ ಅರ್ಧ ಕೆಲಸ ಇರುತ್ತಿತ್ತು.

ಬುರ್ರಕಥೆಯನ್ನು ಹತ್ತಿರದಿಂದ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಮುಖ್ಯ ಹಾಡುಗಾರ್ತಿಯ ಹೆಗಲ ಮೇಲೆ ತಂಬೂರಿ, ಬೆರಳಿಗೆ ಅಂದೆ ಎಂಬ ಉಂಗುರ. ಅಕ್ಕಪಕ್ಕದವರ ಕೈಯಲ್ಲಿ ಗುಮ್ಮಟೆ. ಸಾಲಿನ ಕೊನೆಯನ್ನು ಅವರು ಎತ್ತಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಮುಖ್ಯ ಹಾಡುಗಾರ್ತಿ ಉಸಿರು ತೆಗೆದುಕೊಂಡು ಮುಂದಿನ ಸಾಲನ್ನು ಮನಸ್ಸಿಗೆ ತಂದುಕೊಳ್ಳುತ್ತಾಳೆ. ಏಳೆಂಟು ಸಾಲು ಹಾಡಾದ ಮೇಲೆ ಮಾತು. ಮಾತಿನಲ್ಲೂ ಒಂದು ಲಯ ಇರುತ್ತದೆ, ಕೇಳುವವರು ಹ್ಞೂಂಗುಟ್ಟುತ್ತಾರೆ, ಆಮೇಲೆ ಮತ್ತೆ ಹಾಡು. ನೆನಪು, ಉಸಿರು, ವಾದ್ಯ ಮೂರೂ ಸೇರಿ ಕಾವ್ಯವನ್ನು ರಾತ್ರಿಯಿಡೀ ಹೊತ್ತು ಸಾಗುತ್ತವೆ. ಮನೆಯಲ್ಲಿ ತೆಲುಗು ಆಡುವ ಸಮುದಾಯ ಕನ್ನಡದಲ್ಲಿ ಕಥೆ ಕಟ್ಟುವಾಗ ಧಾಟಿ ಯಾವುದರಿಂದ ಬಂತು, ಶಬ್ದ ಯಾವುದರಿಂದ ಬಂತು ಎಂಬ ಪ್ರಶ್ನೆ ಬೇರೆ ಇದೆ. ಕುಮಾರರಾಮ ಇದೇ ಕಂಪ್ಲಿ, ಕುಮ್ಮಟದುರ್ಗದ ವೀರ. 1327ರ ಹೊತ್ತಿಗೆ ದೆಹಲಿಯ ಸೈನ್ಯದೆದುರು ಅಳಿದ ರಾಜ್ಯದ ಕಥೆ ಅದೇ ಸೀಮೆಯ ಹೆಂಗಸೊಬ್ಬಳ ಗಂಟಲಿನಲ್ಲಿ ಇಪ್ಪತ್ತೊಂದನೆಯ ಶತಮಾನದವರೆಗೆ ಬಂತು. ಇದರ ಹಾಡಿಕೆಯನ್ನು ಕುರಿತು ಹತ್ತು ಪುಟದ ಲೇಖನ ಬರೆದರೆ ಕಳಿಸುವುದು ಎಲ್ಲಿಗೆ? ಜಾನಪದ ಪತ್ರಿಕೆಗೆ ಅದು ಸಂಗೀತ, ಸಂಗೀತ ಪತ್ರಿಕೆಗೆ ಅದು ಜಾನಪದ.

ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಪತ್ರಿಕೆಗಳ ಭಾಗ್ಯ ಬೇಗ ಬಂತು, ಅದೂ ಕನ್ನಡದ ಹೊರಗೆ. ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಜರ್ನಲ್ 1930ರಲ್ಲಿ, ಹಾಥರಸ್‌ನ ಹಿಂದಿ ಮಾಸಿಕ ‘ಸಂಗೀತ’ 1935ರಲ್ಲಿ ಶುರುವಾದವು. ಗಾಂಧರ್ವ ಮಹಾವಿದ್ಯಾಲಯ ಮಂಡಳದ ‘ಸಂಗೀತ ಕಲಾ ವಿಹಾರ’ ಸ್ವಾತಂತ್ರ್ಯದ ಹೊತ್ತಿಗೆ ಬಂತು, ಬಿ.ಆರ್. ದೇವಧರರಂಥ ಗಾಯಕ, ಗುರು ಅದರ ಸಂಪಾದಕರಾಗಿದ್ದರು. 1983ರ ಅಕ್ಟೋಬರ್‌ನಲ್ಲಿ ಚೆನ್ನೈಯಿಂದ ಎನ್. ಪಟ್ಟಾಭಿರಾಮನ್ ಇಂಗ್ಲಿಷಿನಲ್ಲಿ ‘ಶ್ರುತಿ’ ತಂದರು. ಈ ಪತ್ರಿಕೆಗಳ ಹಿಂದೆ ಒಂದು ಸಭೆಯೋ ಪರೀಕ್ಷಾ ಮಂಡಳಿಯೋ ಪ್ರಕಾಶನ ಸಂಸ್ಥೆಯೋ ಹಟ ಹಿಡಿದ ಒಬ್ಬ ಸಂಪಾದಕರೋ ಇದ್ದರು. ಹೊಸದಾಗಿ ಪತ್ರಿಕೆ ಕಟ್ಟುವವರು ಮೊದಲು ಗಮನಿಸಬೇಕಾದದ್ದು ಇದನ್ನೇ.

ಕನ್ನಡದಲ್ಲಿ ಸಂಗೀತದ ಒಳ್ಳೆಯ ಬರವಣಿಗೆ ಪತ್ರಿಕೆಗಿಂತ ಪುಸ್ತಕದಲ್ಲಿ ಮನೆ ಮಾಡಿತು. ವಾಗ್ಗೇಯಕಾರ ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’, ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’ ಓದಿದವರಿಗೆ ಈ ಭಾಷೆಯಲ್ಲಿ ನಾದದ ಬಗ್ಗೆ ಎಷ್ಟು ಸೊಗಸಾಗಿ ಬರೆಯಬಹುದು ಎಂದು ಗೊತ್ತು. ಹಂಪಿಯಲ್ಲಿ ಪಾಠ ಮಾಡಿದ ರಹಮತ್ ತರೀಕೆರೆಯವರು ಗಾಯಕಿ ಅಮೀರಬಾಯಿ ಕರ್ನಾಟಕಿಯ ಬದುಕನ್ನು ಬರೆದರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಅರುಣ್ ಜೋಳದಕೂಡ್ಲಿಗಿಯವರ ನಿರೂಪಣೆಯಲ್ಲಿ ಬಂತು. ಪತ್ರಿಕೆಗಳ ಕಡೆ ಬೆಂಗಳೂರಿನ ಅನನ್ಯ ಸಂಸ್ಥೆ ಸಂಗೀತ, ನೃತ್ಯಗಳಿಗಾಗಿಯೇ ಮಾಸಿಕ ನಡೆಸಿದೆ. ನೃತ್ಯಕ್ಕೆ 2007ರಿಂದ ‘ನೂಪುರ ಭ್ರಮರಿ’ ಇದೆ. ಕರಾವಳಿಯ ಯಕ್ಷಗಾನಕ್ಕೆ ‘ಯಕ್ಷರಂಗ’ದಂಥ ಸ್ವಂತ ಪತ್ರಿಕೆಗಳು ಹುಟ್ಟಿದವು. ಅಲ್ಲಿ ಆಟ ನೋಡುವವನೇ ಓದುಗ, ತಾಳಮದ್ದಳೆಯಲ್ಲಿ ಅರ್ಥ ಹೇಳುವವನೇ ಲೇಖಕ. ನಮ್ಮ ಕಡೆಯ ದೊಡ್ಡಾಟಕ್ಕೂ ಪ್ರೇಕ್ಷಕರು ಕಡಿಮೆಯಿರಲಿಲ್ಲ. ಬರೆಯುವ ಅಭ್ಯಾಸ ಬೆಳೆಯಲಿಲ್ಲ, ಅದನ್ನು ಬೆಳೆಸುವವರೂ ಬರಲಿಲ್ಲ.

ಸಿನಿಮಾ ಪದ್ಯಾವಳಿ, 1978ರ ‘ನಿತ್ಯೋತ್ಸವ’ದಿಂದ ಆರಂಭವಾದ ಭಾವಗೀತೆ ಕ್ಯಾಸೆಟ್ಟಿನ ಕಾಲ, ಈಗಿನ ಮೊಬೈಲು, ಇವೆಲ್ಲ ಹಾಡನ್ನು ಮನೆಮನೆಗೆ ಮುಟ್ಟಿಸಿದವು. ಹಾಡಿನ ಬಗ್ಗೆ ಮಾತನ್ನು ಹುಟ್ಟಿಸಲಿಲ್ಲ.

ಈಗ ಯೋಜನೆಯ ವಿಷಯ. ನನ್ನ ಮನಸ್ಸಿನಲ್ಲಿರುವುದು ಹೊಸಪೇಟೆಯಿಂದ ಹೊರಡುವ 64 ಪುಟದ ತ್ರೈಮಾಸಿಕ. ಹಿಂದೂಸ್ತಾನಿ, ಕರ್ನಾಟಕಿ, ಜನಪದ ಎಂದು ಕೋಣೆ ಹಾಕಬಾರದು. ಜೋಗತಿಯರ ಚೌಡಿಕೆ, ಸಂಡೂರಿನ ತಾಂಡಾಗಳ ಲಂಬಾಣಿ ಹಾಡು, ಹಳ್ಳಿಗಳ ಮೊಹರಂ ಪದ, ದೊಡ್ಡಾಟದ ಹಿಮ್ಮೇಳ, ದಾಸರ ಪದ, ಜೋಳದರಾಶಿ ದೊಡ್ಡನಗೌಡರು ಬೆಳೆಸಿದ ಗಮಕ, ಎಲ್ಲಕ್ಕೂ ಒಂದೇ ಪಂಕ್ತಿ. ಪ್ರತಿ ಸಂಚಿಕೆಯ ನಡುಪುಟ ಒಂದು ಹಾಡಿಕೆಗೆ ಮೀಸಲು. ಎಡಪುಟದಲ್ಲಿ ಹತ್ತು ಸಾಲು ಪಠ್ಯ; ಉಸಿರು ತೆಗೆದ ಕಡೆ ಒಂದು ಗುರುತು, ವಾದ್ಯ ಸೇರಿದ ಕಡೆ ಇನ್ನೊಂದು, ಮೇಳದವರು ಎತ್ತಿಕೊಂಡ ಕಡೆ ಮತ್ತೊಂದು. ಬಲಪುಟದಲ್ಲಿ ಆ ಹತ್ತು ಸಾಲಿನ ಬಗ್ಗೆ ಹಾಡಿದವರ ಮಾತು. ಮೂಲೆಯಲ್ಲಿ ಕ್ಯೂಆರ್ ಕೋಡ್, ಮೊಬೈಲು ಹಿಡಿದರೆ ಧ್ವನಿ. ಹಾಥರಸ್‌ನವರು ಸ್ವರಲಿಪಿ ಅಚ್ಚು ಹಾಕಿದ ಕಾಲದಲ್ಲಿ ಧ್ವನಿ ಕೊಡುವ ಉಪಾಯ ಇರಲಿಲ್ಲ, ನಮಗೆ ಇದೆ. ಇದ್ದೂ ಬಳಸದಿದ್ದರೆ ಅದು ನಮ್ಮ ಅಪರಾಧ.

ಹಾಡಿದವರಿಗೆ ಸಂಭಾವನೆ ಕೊಡಲೇಬೇಕು. ಕೃತಿಸ್ವಾಮ್ಯ ಕಾಯಿದೆಯ 38ನೇ ಕಲಮಿನಂತೆ ಪ್ರದರ್ಶನಕಾರರ ಹಕ್ಕು 50 ವರ್ಷ ಇರುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಂಡು ಎಲ್ಲ ಹಕ್ಕನ್ನೂ ಬರೆಸಿಕೊಳ್ಳುವ ಚಾಳಿ ನಮ್ಮ ಪತ್ರಿಕೆಗೆ ಬೇಡ. ಕರಾರನ್ನು ಓದಿ ಹೇಳಬೇಕು, ಧ್ವನಿಯ ಒಂದು ಪ್ರತಿಯನ್ನು ಹಾಡಿದವರ ಮನೆಯವರ ಕೈಗೆ ಕೊಡಬೇಕು.

ಕಾನೂನಿನ ಕೆಲಸ ಈಗ ಮೊದಲಿಗಿಂತ ಸಲೀಸು. 1867ರ ಕಾಯಿದೆಯ ಜಾಗಕ್ಕೆ ಬಂದ ನಿಯತಕಾಲಿಕಗಳ ನೋಂದಣಿ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಶೀರ್ಷಿಕೆಗೂ ನೋಂದಣಿಗೂ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಅಚ್ಚು ಹಾಕಿ ನಡೆಸುವ ಸಣ್ಣ ಪತ್ರಿಕೆಗಳ ಹಳೆಯ ದಾರಿಗಿಂತ ನೋಂದಣಿ ಮಾಡಿಸುವುದೇ ಲೇಸು, ಗ್ರಂಥಾಲಯಗಳಿಗೂ ಜಾಹೀರಾತುದಾರರಿಗೂ ಅದು ಬೇಕಾಗುತ್ತದೆ. ಅಂಚೆಯದು ಮಾತ್ರ ತೊಡಕು. ಹಳೆಯ ಅಂಚೆ ಕಾಯಿದೆಯಲ್ಲಿ 31 ದಿನಕ್ಕಿಂತ ಹೆಚ್ಚು ಅಂತರದಲ್ಲಿ ಬರುವ ಪತ್ರಿಕೆಗೆ ಸುದ್ದಿಪತ್ರಿಕೆಯ ರಿಯಾಯಿತಿ ದರ ಇರಲಿಲ್ಲ. ಎಷ್ಟೋ ಒಳ್ಳೆಯ ತ್ರೈಮಾಸಿಕಗಳಿಗೆ ಅಂಚೆ ಖರ್ಚೇ ದೊಡ್ಡ ಹೊರೆಯಾಗಿತ್ತು. ಆದ್ದರಿಂದ ಆದಷ್ಟು ಪ್ರತಿ ಕೈಯಿಂದ ಕೈಗೆ ಹೋಗಬೇಕು: ಹಂಪಿ ಉತ್ಸವದ ಮಳಿಗೆ, ಜಾತ್ರೆಗಳು, ಸಂಗೀತ ಪಾಠದ ಮನೆಗಳು.

ದುಡ್ಡು ಯಾರನ್ನು ಕೇಳುವುದು? ವರ್ಷಕ್ಕೆ 400 ರೂಪಾಯಿಯಂತೆ 500 ಚಂದಾದಾರರು ಸಿಕ್ಕರೆ 2 ಲಕ್ಷ. ಇದು ಬುನಾದಿ, ಇದಿಲ್ಲದೆ ಮೊದಲ ಸಂಚಿಕೆ ತರಲೇಬಾರದು. ಸಂಗೀತ ಪರೀಕ್ಷೆಗೆ ಕೂರುವ ಮಕ್ಕಳ ಗುರುಗಳು ನಮ್ಮ ಮೊದಲ ಓದುಗರು, ಮೊದಲು ಅವರ ಬಳಿ ಹೋಗಬೇಕು. ವಿಶ್ವವಿದ್ಯಾಲಯದ ಬಳಿ ಹಣಕ್ಕಿಂತ ಧ್ವನಿಮುದ್ರಿಕೆ ಕೇಳುವುದು ಮೇಲು. ಇನ್ನು ಗಣಿ, ಉಕ್ಕಿನ ಕಂಪನಿಗಳು. 2013ರ ಕಂಪನಿ ಕಾಯಿದೆಯ 135ನೇ ಕಲಮಿನಂತೆ, ಗೊತ್ತಾದ ಮಿತಿ ದಾಟಿದ ಕಂಪನಿಗಳು ಲಾಭದ ಸರಾಸರಿಯ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಅದರ ಏಳನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆಯೂ ಇದೆ. ಸಂಡೂರಿನಲ್ಲಿ ಇದಕ್ಕೆ ಮೇಲ್ಪಂಕ್ತಿಯೂ ಉಂಟು. ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ಕಸೂತಿಯನ್ನು ಎತ್ತಿ ಹಿಡಿದು, ಭೌಗೋಳಿಕ ಸೂಚಕದ ಮಾನ್ಯತೆಯವರೆಗೆ ಒಯ್ದಿತು. ಕಸೂತಿಗೆ ಆದದ್ದು ಹಾಡಿಗೂ ಆಗಬಹುದು. ಆದರೆ ಪತ್ರಿಕೆಯ ಹೆಸರಿನಲ್ಲಿ ಕೇಳಬಾರದು. ಇಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ದಾಖಲೆ ಇರುವ ನೋಂದಾಯಿತ ಟ್ರಸ್ಟಿನ ಮೂಲಕ ಸಿಎಸ್‌ಆರ್-1 ಅರ್ಜಿ ಸಲ್ಲಿಸಿ, ಧ್ವನಿಮುದ್ರಣ ಮತ್ತು ಹಾಡುಗಾರರ ಸಂಭಾವನೆಗೆ ಮಾತ್ರ ಕೇಳಬೇಕು. ಯಾವುದೇ ಒಂದು ಮೂಲದಿಂದ ಒಟ್ಟು ಖರ್ಚಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆದುಕೊಂಡರೆ ಪತ್ರಿಕೆ ಕೊಟ್ಟವರದಾಗುತ್ತದೆ, ನಮ್ಮದಾಗಿ ಉಳಿಯುವುದಿಲ್ಲ.

ಕೇಳಲು ಹೋಗುವಾಗ ಕೈಯಲ್ಲಿ ಮನವಿ ಪತ್ರ ಸಾಲದು. ಮಾದರಿ ಸಂಚಿಕೆಯೊಂದು ಸಿದ್ಧವಿರಬೇಕು. ನಡುಪುಟ ತೆರೆದು, ಮೊಬೈಲಿನಲ್ಲಿ ಹಾಡು ಕೇಳಿಸಿ, ಆಮೇಲೆ ಮಾತು ಆಡಬೇಕು.

ಹೊಸಪೇಟೆ, ಕಂಪ್ಲಿ, ಸಂಡೂರು, ದರೋಜಿ ಸುತ್ತಿನ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಯಾರು ಯಾವ ಜಾತ್ರೆಗೆ, ಯಾವ ಹಬ್ಬಕ್ಕೆ, ಯಾರ ಮನೆಯ ಕಾರ್ಯಕ್ಕೆ ಹಾಡುತ್ತಾರೆ, ಅವರಿಗೆ ಯಾರು ಕಲಿಸಿದರು ಅನ್ನುವುದನ್ನು ಈಗಲೇ ಕೇಳಿ ಬರೆದಿಡಿ. ಅಟ್ಟದ ಮೇಲೆ ಬಯಲಾಟದ್ದೋ ಭಜನೆಯದ್ದೋ ಹಳೆಯ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿ. ಪತ್ರಿಕೆಯ ಮೊದಲ ವರ್ಷದ ಸಾಮಗ್ರಿ ಅಲ್ಲಿಂದಲೇ ಬರಬೇಕು.